ಎನೋಸ್ ಪೆಲ್ ಏರಿಸಿದ ಬಾವುಟ

ಎಲ್ಲ ತಾಪತ್ರಯಕ್ಕೂ ಮೂಲ ಎನೋಸ್ ಪೆಲ್‌ನ ಬಾಯಿ. ಬ್ರೂಕ್ಲಿನ್ ಬಂದರಿನಲ್ಲಿ ಹಡಗಿನ ಹಾಯಿ ಹೊಲಿಯುವವನು ಹಾಯಿ ಹೊಲಿದುಕೊಂಡು ಇರಬೇಕಿತ್ತು. ಹೋದ ವರ್ಷ ಕೇರಿಯ ಬೇಸ್‌ಬಾಲ್ ಕ್ಲಬ್ಬು ಚಾಂಪಿಯನ್ ಆದಾಗ, "ಗೆದ್ದು ಬಂದ ಹಡಗು ಕಂಬದ ತುದೀಲಿ ಉದ್ದನೆ ಬಾವುಟ ಹಾರಿಸ್ತದೆ. ನಮಗೇನು ರೋಗ?" ಎಂದುಬಿಟ್ಟ. ಕ್ಲಬ್ಬು ಅವನಿಂದಲೇ ಕೆಂಪು ಬಾವುಟ ಹೊಲಿಸಿ, ಅದರ ಕಾವಲನ್ನೂ ಅವನ ಕೊರಳಿಗೇ ಕಟ್ಟಿತು. ಪಂದ್ಯಕ್ಕೆ ಮುಂಚೆ ಅವನು ಬಾವುಟ ಏರಿಸುವಾಗ ಊರೆಲ್ಲ ಎದ್ದು ನಿಂತು ಟೊಪ್ಪಿ ತೆಗೆಯುತ್ತಿತ್ತು. ಮನೆಯಲ್ಲಿ ಬೆಕ್ಕೂ ಲೆಕ್ಕಕ್ಕಿಡದ ಮನುಷ್ಯನಿಗೆ ಅಷ್ಟೇ ಸಾಕಿತ್ತು.

ಇಂದು ಜರ್ಸಿಯ ಕ್ಲಬ್ಬಿನವರ ಜೊತೆ ಕೊನೆಯ ಪಂದ್ಯ. ಸೋತರೆ ಬಾವುಟ ಇಳಿಸಿ ಅವರ ಕೈಗೆ ಕೊಡಬೇಕು. ಬೆಳಗ್ಗೆ ಹೆಂಡತಿ ಟ್ರೈಫೀನ ಅದನ್ನು ಒಗೆದು ಹಿತ್ತಲಲ್ಲಿ ಒಣಹಾಕಿದ್ದಳು. ಎನೋಸ್ ಕಾಫಿ ಕುಡಿದು ಬಂದು ನೋಡಿದರೆ ಹಗ್ಗ ಖಾಲಿ. ಪಕ್ಕದ ಮನೆಯ ವಿಧವೆ ಗಿಲ್‌ಹೂಲಿಯ ಮೇಕೆ ಕೆಂಪು ಬಟ್ಟೆಯ ಕೊನೆಯ ತುಂಡನ್ನು ಪಾದ್ರಿಯಷ್ಟು ಗಂಭೀರವಾಗಿ ಮೆಲ್ಲುತ್ತಿತ್ತು. ಟ್ರೈಫೀನಳ ಸುಳಿವಿಲ್ಲ.

"ಅಯ್ಯೋ, ನಿನ್ ಮೇಕೆ ಚಾಂಪಿಯನ್‌ಶಿಪ್ಪನ್ನೇ ತಿಂದ್‌ಬಿಡ್ತಲ್ಲೇ!" ಎಂದು ಎನೋಸ್ ಪಕ್ಕದ ಮನೆಯತ್ತ ಕೂಗಿದ.

"ಅದರ ಹೊಟ್ಟೆ ಕೆಟ್ರೆ ನಿನ್ನನ್ನ ಸುಮ್ನೆ ಬಿಡಲ್ಲ ಪೆಲ್," ಎಂದಳು ಗಿಲ್‌ಹೂಲಿ. "ಈಗ ಕೆಂಪು ಬಟ್ಟೆ ತಾನೆ ಬೇಕು? ನಿನ್ ಅಂಗಿ ತೋಳಿಂದ ಇಣುಕ್ತಿದೆಯಲ್ಲ, ಏನದು?"

"ಅದು ನನ್ ಮಾನ ಕಣಮ್ಮಾ."

"ಬಿಚ್ಚು. ಮಾನ ಉಳೀಬೇಕು ಅಂದ್ರೆ ಬಿಚ್ಚು!"

ಕತ್ತಿನಿಂದ ಕಾಲಿನವರೆಗೆ ಬೆಚ್ಚಗಿದ್ದ ಕೆಂಪು ಉಣ್ಣೆಯ ಒಳಉಡುಪಿನ ತೋಳು ಕತ್ತರಿಸಿ, ಕಾಲೆರಡನ್ನೂ ಬಾವುಟದ ಬಾಲ ಮಾಡಿ ಕಂಬಕ್ಕೇರಿಸಿದ. ದೂರಕ್ಕೆ ಪರವಾಗಿಲ್ಲ, ಹತ್ತಿರದಿಂದ ಹಿಂಬದಿ ತೆರೆಯಲು ಇಟ್ಟ ಮುಚ್ಚಳದ ಗುಂಡಿಗಳು ಕಾಣುತ್ತಿದ್ದವು. ಗೆದ್ದರೆ ಅದು ಕಂಬದ ಮೇಲೆಯೇ ಉಳಿಯುತ್ತದೆ. ಸೋತರೆ ಜರ್ಸಿಯವರು ಬಿಚ್ಚಿ ನೋಡುತ್ತಾರೆ. ಎನೋಸ್‌ನಷ್ಟು ಭಕ್ತಿಯಿಂದ ಅಂದು ಯಾರೂ ಗೆಲುವು ಬೇಡಿರಲಿಕ್ಕಿಲ್ಲ.

ಕೊನೆಯ ಸರದಿ. ಬ್ರೂಕ್ಲಿನ್ ಒಂದೇ ಓಟ ಮುಂದು. ಜರ್ಸಿಯ ದೈತ್ಯ ದಾಂಡಿಗ ದಾಂಡು ಎತ್ತಿದ. ಇನ್ನೊಂದು ಚೆಂಡು ತಪ್ಪಿದರೆ ಅವನು ಔಟು, ಪಂದ್ಯವೂ ಮುಗಿದಂತೆ. ಅಷ್ಟರಲ್ಲಿ ನದಿಯ ಗಾಳಿ ಬೀಸಿ ಬಾವುಟ ಉಬ್ಬಿತು. ಆಕಾಶದಲ್ಲಿ ತಲೆಯಿಲ್ಲದ ದಢೂತಿ ಆಸಾಮಿಯೊಬ್ಬ ಓಡತೊಡಗಿದ. ಹಿಂಬದಿಯ ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ದಾಂಡಿಗ ಬಿದ್ದು ಬಿದ್ದು ನಕ್ಕ. ಚೆಂಡು ಅವನ ಪಕ್ಕದಲ್ಲೇ ಹಾದುಹೋಯಿತು. ಬ್ರೂಕ್ಲಿನ್ ಗೆದ್ದಿತು.

ಕ್ಲಬ್ಬಿನ ಅಧ್ಯಕ್ಷ ಹೆಗ್‌ಮನ್ ನೇರ ಎನೋಸ್‌ನ ಬಳಿ ಬಂದ. "ಏನಯ್ಯಾ ಅದು?"

"ನಂದೇ ಸ್ವಾಮಿ, ಒಳಗಿಂದು. ಬಾವುಟ ಮೇಕೆ ತಿಂತು. ಕಾವಲು ಬೇರೆಯವರಿಗೆ ಕೊಡಿ. ನಂಗೆ ನನ್ನನ್ನೇ ಕಾಯ್ಕೊಳ್ಳಕ್ಕೆ ಬರಲ್ಲ."

"ಏನ್ರೀ!" ಟ್ರೈಫೀನ ಬುಟ್ಟಿ ಹಿಡಿದು ಜನರನ್ನು ನೂಕುತ್ತ ಬಂದಳು. "ಇಸ್ತ್ರಿ ಮಾಡಣಾಂತ ಬಾವುಟ ತಂಗಿ ಮನೆಗೆ ಒಯ್ದಿದ್ದೆ. ತಗೊಳ್ಳಿ."

"ಹಾಗಾದ್ರೆ ಮೇಕೆ ತಿಂದಿದ್ದು?"

"ಬಾವುಟ ತೆಗ್ದು ಆ ಜಾಗದಲ್ಲಿ ನಿಮ್ಮ ಇನ್ನೊಂದು ಒಳಉಡುಪು ಒಣಹಾಕಿದ್ದೆ."

ಎನೋಸ್ ಕಂಬದ ಹಗ್ಗಕ್ಕೆ ಹಾರಿದ. ಹೆಗ್‌ಮನ್ ಅವನ ಕೈ ಹಿಡಿದ. "ಮುಟ್ಟಿದ್ರೆ ಜೋಕೆ! ನಮ್ಮನ್ನ ಗೆಲ್ಲಿಸಿದ್ದು ಅದು. ಯಾರಾದ್ರೂ ಸೋಲಿಸೋವರೆಗೂ ಅಲ್ಲೇ ಹಾರಲಿ. ನೀನೇ ಕಾಯಿ, ಚಳಿಗಾಲ ಪೂರ್ತಿ."

ಊರೆಲ್ಲ ಟೊಪ್ಪಿ ತೆಗೆಯಿತು. ಎನೋಸ್ ಕೂಡ ತೆಗೆಯಬೇಕಾಯಿತು. ಅವನ ಮೈಮೇಲೆ ಬೆಚ್ಚಗೆ ಉಳಿದಿದ್ದು ಆ ಟೊಪ್ಪಿಯೊಂದೇ.