ಚಾದಂಗಡಿಯ ಅಣ್ಣ ತಂಗಿ

ಬಹರೈನಿನಂಥ ಪುಟ್ಟ ದ್ವೀಪದಲ್ಲಿ ಕೂತು, ಒಬ್ಬರೇ ಒಬ್ಬರು, ಅಮೆರಿಕದ ಮೇಲೆ ಯುದ್ಧ ಸಾರಿದ್ದರೆಂದರೆ ಅದು ನಮ್ಮ ಸೋದರಮಾವ! ನಂಬುವುದಿಲ್ಲವೇ? ಬೇಡ ಬಿಡಿ. ಈ ಯುದ್ಧದ ಸುದ್ದಿ ಅಮೆರಿಕಕ್ಕೂ ಕೊನೆಯವರೆಗೆ ತಿಳಿಯಲಿಲ್ಲ. ಆದರೆ ರಿಫಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಾವನ ಜೊತೆ ಐದು ವರ್ಷ ಕಳೆದ ನಾನು ಇದಕ್ಕೆ ಸಾಕ್ಷಿ. ಜಗಳ ಪೆಟ್ರೋಲಿಗಾಗಿ ಅಲ್ಲ, ರಾಜಕೀಯಕ್ಕಾಗಿಯೂ ಅಲ್ಲ. ಒಂದು ಟಿವಿ ಸೀರಿಯಲ್ಲಿಗಾಗಿ!

ನಾನು ಬಹರೈನಿಗೆ ಇಳಿದದ್ದು ತೊಂಬತ್ತಮೂರರ ಒಂದು ಮಂಗಳವಾರ ಸಂಜೆ. ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ ಕೊಡಿಸಿದ್ದು ಮಾವನೇ. ಅವರು ಪಕ್ಕದ ವರ್ಕ್‌ಶಾಪಿನ ಮ್ಯಾನೇಜರು. ಏರ್‌ಪೋರ್ಟಿನ ಹೊರಗೆ ಅಮ್ಮ ಕಟ್ಟಿಕೊಟ್ಟ ಹಪ್ಪಳದ ಡಬ್ಬ ತಬ್ಬಿಕೊಂಡು ಒಂದೂವರೆ ಗಂಟೆ ಬೆವರಿದ ಮೇಲೆ ಮಾವ ಬಂದರು.

"ಟ್ರಾಫಿಕ್ಕಾ ಮಾವ?" ಎಂದೆ.

"ಅಲ್ಲ ಮಾರಾಯ, ಚಾದಂಗಡಿ. ಈಗ ಮುಗೀತು, ಹೊರಟೆ."

ಪಾಪ, ಸಂಬಳ ಸಾಲದೆ ಸಂಜೆ ಹೊತ್ತು ಚಾದಂಗಡಿಯನ್ನೂ ನಡೆಸುತ್ತಾರೆ ಎಂದುಕೊಂಡೆ. ಗಂಟಲು ಒಣಗಿತ್ತು; ಮನೆಗೆ ಹೋಗುವ ದಾರಿಯಲ್ಲಿ ಅಲ್ಲೇ ನಿಲ್ಲಿಸಿ ಒಂದು ಚಾ ಕುಡಿಸುತ್ತಾರೆಂದು ಕಾದದ್ದೇ ಬಂತು!

ಚಾದಂಗಡಿ ಎಂದರೆ ಅಲ್ಲಿನ ಇಂಗ್ಲಿಷ್ ಚಾನಲಿನಲ್ಲಿ ಮಂಗಳವಾರ ಸಂಜೆ ಬರುತ್ತಿದ್ದ ಬ್ರಿಟಿಷ್ ಸೀರಿಯಲ್. ನಿಜವಾದ ಹೆಸರು ಮೂರು ಮಾರು ಉದ್ದವಿತ್ತು, ಮಾವ ಅದನ್ನು ಕನ್ನಡಿಸಿ ಮೊಟಕು ಮಾಡಿದ್ದರು. ಸದಾ ಮಳೆ ಸುರಿಯುವ ಒಂದು ಸಮುದ್ರತೀರದ ಊರು. ಅಲ್ಲೊಂದು ಚಾದಂಗಡಿ. ಅದನ್ನು ನಡೆಸುವ ಸೋಗೆಯಂಥ ಉದ್ದ ಗಂಡಸು, ಗುಂಡಗಿನ ಹೆಂಗಸು. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತಾರೆ. ಚಮಚಕ್ಕೆ ಜಗಳ, ಸಕ್ಕರೆಗೆ ಜಗಳ, ಕಿಟಕಿ ತೆರೆಯಬೇಕೇ ಮುಚ್ಚಬೇಕೇ ಎಂದು ಜಗಳ. ಕೊನೆಗೆ ಅಂಗಡಿ ಮುಚ್ಚಿದ ಮೇಲೆ ಆಕೆ ಮಾತಿಲ್ಲದೆ ಒಂದು ಕಪ್ ಚಾ ತಂದು ಅವನೆದುರು ಇಡುತ್ತಾಳೆ, ತಾನೊಂದು ಹಿಡಿದು ಎದುರಿಗೆ ಕೂರುತ್ತಾಳೆ. ಮುಗಿಯಿತು. ಈ ಕೊನೆಯ ಅರ್ಧ ನಿಮಿಷಕ್ಕೆ ಮಾವ ಪ್ರತಿ ವಾರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕನ್ನಡಕವನ್ನಲ್ಲ, ಕಣ್ಣನ್ನು!

ಆ ಅರ್ಧ ಗಂಟೆ ಮನೆಯಲ್ಲಿ ಕರ್ಫ್ಯೂ. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ, ಬಾಗಿಲಿನ ಬೆಲ್ಲಿಗೆ ಓಗೊಡುವಂತಿಲ್ಲ, ಫೋನಿನ ರಿಸೀವರ್ ಕೆಳಗೆ. ಮಾತಾಡುವ ಹಕ್ಕು ಮಾವನೊಬ್ಬರಿಗೆ. "ಹಾಲು ಆಮೇಲೆ ಹೊಯ್ಯುವುದಾ! ನಮ್ಮ ಊರಿನ ಹೊಟೇಲಿನವರು ಕಂಡ್ರೆ ಈ ಜನವನ್ನು ಓಡಿಸ್ತಾರೆ" ಎಂದು ಬೈಯುತ್ತಲೇ ಬಾಯಿ ತೆರೆದು ನೋಡುತ್ತಿದ್ದರು.

ಇನ್ನೊಂದು ವಿಶೇಷವಿತ್ತು. ಗಂಡಸು ಹಾಲಿನ ಜಗ್ಗು ಹಿಡಿದು ಆಕೆಯ ಹತ್ತಿರ ಹೋಗುತ್ತಾನೆ, ಮುಖದಲ್ಲಿ ಏನೋ ಕಳ್ಳನಗು, ಇನ್ನೇನು ಎನ್ನುವಷ್ಟರಲ್ಲಿ ಟಕ್ಕೆಂದು ಚಿತ್ರ ಹಾರಿ, ಅದೇ ಗಂಡಸು ಬೀದಿಯಲ್ಲಿ ಸೈಕಲ್ ತುಳಿಯುತ್ತಿರುತ್ತಾನೆ! ಅಲ್ಲಿನ ಟಿವಿಯಲ್ಲಿ ಮುತ್ತು ಕೊಡುವುದನ್ನೆಲ್ಲ ಕತ್ತರಿಸಿ ತೋರಿಸುತ್ತಾರೆ ಎಂಬುದು ಕೊಲ್ಲಿಯಲ್ಲಿ ಎರಡು ದಿನ ಇದ್ದವರಿಗೂ ಗೊತ್ತು. ನಾನೂ ಜಾಣತನ ತೋರಿಸಲು ಹೋಗಿ, "ಅಲ್ಲೊಂದು ಮುತ್ತು ಹೋಯ್ತು ಮಾವ" ಎಂದೆ.

ಮಾವ ನನ್ನನ್ನು ಕೊಳೆತ ಮೀನು ನೋಡುವಂತೆ ನೋಡಿದರು. "ಥೂ! ಅಣ್ಣ ತಂಗಿ ಮಾರಾಯ ಅವರು! ನಿನ್ನ ತಲೆಯಲ್ಲಿ ಎಂತ ಉಂಟು?"

"ಗಂಡ ಹೆಂಡತಿ ಅಂತ ಕಾಣ್ತದೆ..."

"ಮೂಗು ನೋಡು ಇಬ್ಬರದ್ದೂ! ಒಂದೇ ಅಚ್ಚು. ಮತ್ತೆ ಇಷ್ಟು ಜಗಳ ಆಡಿ ಒಟ್ಟಿಗೆ ಇರಲಿಕ್ಕೆ ಅಣ್ಣ ತಂಗಿಗೆ ಮಾತ್ರ ಆಗ್ತದೆ."

"ಹಾಗಾದ್ರೆ ಚಿತ್ರ ಯಾಕೆ ಹಾರುವುದು?"

"ಅದು ಡೈರೆಕ್ಟರನ ಕೈಚಳಕ. ಎಲ್ಲ ಬಿಡಿಸಿ ಹೇಳಿದ್ರೆ ಅದು ಕಲೆಯಾ?"

ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು: "ನಮ್ಮ ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಜಗಳ ಆಡ್ಲಿಕ್ಕೆ ಅಣ್ಣ ತಂಗಿಯೇ ಆಗ್ಬೇಕು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ!"

ಮರುದಿನ ಅತ್ತೆ ನನ್ನನ್ನು ಬದಿಗೆ ಕರೆದು, ಇನ್ನು ಆ ವಿಷಯ ಎತ್ತಬೇಡ ಎಂದರು. ಕಾರಣ ನನಗೆ ಅರೆಬರೆ ಗೊತ್ತಿದ್ದದ್ದೇ. ಮಾವನಿಗೆ ಇಬ್ಬರು ಒಡಹುಟ್ಟಿದವರು. ಹಿರಿಯವಳು ನನ್ನ ಅಮ್ಮ, ಊರಲ್ಲಿದ್ದಾಳೆ. ಕಿರಿಯವಳು ನನ್ನ ಚಿಕ್ಕಮ್ಮ. ಅಜ್ಜ ತೀರಿಕೊಂಡಾಗ ಅವಳಿಗೆ ಆರು ವರ್ಷ. ಜಡೆ ಹಾಕಿ ಶಾಲೆಗೆ ಕಳಿಸಿದ್ದೂ ಮಾವ, ಓದಿಸಿ ಬಹರೈನಿಗೆ ಕರೆಸಿ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ ಕೊಡಿಸಿದ್ದೂ ಮಾವ. ಚಾದಂಗಡಿ ಶುರುವಾದಾಗ ಅಣ್ಣ ತಂಗಿ ಇಬ್ಬರೂ ಇದೇ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಮರುವರ್ಷ ಚಿಕ್ಕಮ್ಮ ತನ್ನ ಆಫೀಸಿನ ಮಂಗಳೂರಿನ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಮಾವ ಮದುವೆಗೆ ಹೋಗಲಿಲ್ಲ. ಅಂದಿನಿಂದ ಮಾತಿಲ್ಲ.

ಚಿಕ್ಕಮ್ಮನ ಮನೆ ಇದ್ದದ್ದಾದರೂ ಎಲ್ಲಿ? ಬುದಯ್ಯದಲ್ಲಿ! ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟು ಸಣ್ಣ ದೇಶದಲ್ಲಿ ಒಬ್ಬರ ಕೂಡ ವರ್ಷಗಟ್ಟಲೆ ಮಾತು ಬಿಡುವುದು ಸುಲಭದ ಕೆಲಸವೆಂದು ತಿಳಿಯಬೇಡಿ. ತರಕಾರಿ ಮಾರ್ಕೆಟ್ಟು, ಆಸ್ಪತ್ರೆ, ಕನ್ನಡದವರ ಕಾರ್ಯಕ್ರಮ, ಎಲ್ಲಿ ಹೋದರೂ ಎದುರಾಗುವ ಭಯ. ಕಾರ್ಯಕ್ರಮದಲ್ಲಿ ಅವಳು ಎಡಗಡೆ ಕೂತರೆ ಮಾವ ಬಲಗಡೆ. ವೇದಿಕೆಯ ಮೇಲೆ ಯಕ್ಷಗಾನ ನಡೆಯುತ್ತಿದ್ದರೆ ಮಾವನ ಕತ್ತು ಮಾತ್ರ ಎಡಕ್ಕೇ ತಿರುಗಿರುತ್ತಿತ್ತು. ಮನೆಗೆ ಬಂದು ಕತ್ತಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ, "ಹಾಲ್‌ನಲ್ಲಿ ಎಸಿ ಜಾಸ್ತಿಯಾಯ್ತು" ಎನ್ನುತ್ತಿದ್ದರು!

ಕೊಲ್ಲಿ ಯುದ್ಧದ ದಿನಗಳಲ್ಲಿ ಸೈರನ್ ಕೂಗಿ ನಿಂತಾಗಲೆಲ್ಲ ಬುದಯ್ಯದ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತಂತೆ. ಚಿಕ್ಕಮ್ಮ ಎತ್ತಿ "ಹಲೋ" ಎಂದ ಕೂಡಲೇ ಆ ಕಡೆ ಕಟ್. ಹಲೋ ಕೇಳಿಸಿದರೆ ಸಾಕಿತ್ತು ಆ ಪುಣ್ಯಾತ್ಮನಿಗೆ. ಇದನ್ನು ಚಿಕ್ಕಮ್ಮನೇ ನನಗೆ ಹೇಳಿದ್ದು.

ಹೌದು, ನಾನು ಶುಕ್ರವಾರ ರಜೆಯ ದಿನ ಗುಟ್ಟಾಗಿ ಬುದಯ್ಯಕ್ಕೆ ಹೋಗುತ್ತಿದ್ದೆ. ಗುಟ್ಟು ಎನ್ನುವುದು ಹೆಸರಿಗೆ ಮಾತ್ರ. "ಎಲ್ಲಿಗೆ?" ಎಂದು ಮಾವ ಕೇಳುತ್ತಿದ್ದರು. "ಫ್ರೆಂಡ್ ಮನೆಗೆ" ಎನ್ನುತ್ತಿದ್ದೆ. "ಸರಿ, ಈ ಹಲಸಿನ ಹಪ್ಪಳ ತಗೊಂಡು ಹೋಗು. ನಿನ್ನ ಫ್ರೆಂಡಿಗೆ ಸಣ್ಣದಿರುವಾಗಿನಿಂದ ಇದು ಅಂದ್ರೆ ಪ್ರಾಣ."

ಹೀಗಿರುವಾಗ ತೊಂಬತ್ತಾರರ ಹೊತ್ತಿಗೆ ನಮ್ಮ ಕಟ್ಟಡದ ತಾರಸಿಗೆ ಡಿಶ್ ಬಂತು. ಅದರ ಬೆನ್ನಿಗೇ ಅಮೆರಿಕವೂ ಬಂತು! ಚಾದಂಗಡಿಯ ಕಥೆಯನ್ನು ಕೊಂಡುಕೊಂಡು ಅಮೆರಿಕದವರು ತಮ್ಮದೇ ಸೀರಿಯಲ್ ಮಾಡಿದ್ದಾರೆ ಎಂದು ತಿಳಿದಾಗ ಮಾವ ಮೊದಲು ಹಿಗ್ಗಿದರು. ಹೊಸ ಷರಟು ಹಾಕಿಕೊಂಡು ಟಿವಿ ಎದುರು ಕೂತರು.

ಏನಿತ್ತು ಅದರಲ್ಲಿ! ಮಳೆ ಮಾಯ, ಕಣ್ಣು ಕುಕ್ಕುವ ಬಿಸಿಲು. ಚಾ ಮಾಯ, ಬಕೆಟಿನಷ್ಟು ದೊಡ್ಡ ಕಪ್ಪಿನಲ್ಲಿ ಕಾಫಿ. ಅಂಗಡಿಯೋ, ನಮ್ಮ ಸಲ್ಮಾಬಾದಿನ ಗೋದಾಮು! ಎಲ್ಲರಿಗೂ ಮೂವತ್ತೆರಡಕ್ಕೆ ಮೂವತ್ತೆರಡೂ ಬಿಳಿಹಲ್ಲು. ಮಾತು ಮುಗಿಯುವ ಮೊದಲೇ ಹಿಂದಿನಿಂದ ಜನ ಬಿದ್ದು ಬಿದ್ದು ನಗುವ ಸದ್ದು. ಇಷ್ಟನ್ನೂ ಮಾವ ಹಲ್ಲು ಕಚ್ಚಿ ಸಹಿಸಿದರು. ಆದರೆ ಆ ಉದ್ದ ಗಂಡಸು ಗುಂಡಗಿನ ಹೆಂಗಸನ್ನು ಎತ್ತಿ ಕೌಂಟರಿನ ಮೇಲೆ ಕೂರಿಸಿ, ಇವತ್ತು ನಮ್ಮ ಮದುವೆಯ ದಿನ ಎಂದು ಹೇಳಿ, ಒಂದು ದೀರ್ಘವಾದ ಮುತ್ತು ಕೊಟ್ಟ ನೋಡಿ! ಸೈಕಲ್ಲೂ ಬರಲಿಲ್ಲ, ಏನೂ ಬರಲಿಲ್ಲ. ಮಾವ ಎದ್ದು ನಿಂತರು.

"ಒಡಹುಟ್ಟಿದವರಿಗೆ ಮದುವೆ ಮಾಡಿಸಿದ್ರಲ್ಲ ಪಾಪಿಗಳು!"

ಮರುದಿನವೇ ಡಿಶ್ ಹಾಕಿದ ಮಲಯಾಳಿ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅಮೆರಿಕ ಬಾರದಂತೆ ಡಿಶ್ಶನ್ನು ಸ್ವಲ್ಪ ತಿರುಗಿಸು ಎಂದು ಅಪ್ಪಣೆ ಮಾಡಿದರು. ಅವನು ತಲೆ ಕೆರೆದುಕೊಂಡು, "ಸಾಬ್, ಅಮೆರಿಕಾ ಜಾಯೇಗಾ ತೋ ಇಂಡಿಯಾ ಭೀ ಜಾಯೇಗಾ" ಎಂದ. ಅಮೆರಿಕದ ಜೊತೆ ಇಂಡಿಯಾದ ಚಾನಲ್ಲೂ ಹೋಗುವುದೆಂದರೆ! ದೇಶಭಕ್ತಿ ಅಡ್ಡ ಬಂದು ಡಿಶ್ ಉಳಿಯಿತು.

ಆ ಶುಕ್ರವಾರ ಬುದಯ್ಯದಲ್ಲಿ ಮೀನುಸಾರು ಉಣ್ಣುತ್ತ ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಅವಳು ಸೌಟು ಹಿಡಿದೇ ಕೇಳಿದಳು. ಆಮೇಲೆ, "ಅಮೆರಿಕದ್ದೇ ಚಂದ ಅಂತ ಹೇಳು" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಮಹಾಯುದ್ಧ! ನಡುವೆ ಟಪಾಲು ಹೊರುವ ಕತ್ತೆ ನಾನು.

"ಮಳೆ ಇಲ್ಲದೆ ಚಾದಂಗಡಿ ನಡೀತದಾ ಅಂತ ಕೇಳು ನಿನ್ನ ಫ್ರೆಂಡಿನ ಹತ್ರ."

"ಮಳೆ ಬೇಕಾದ್ರೆ ಊರಿಗೆ ಹೋಗ್ಲಿ. ಬಿಸಿಲಲ್ಲಿ ಬದುಕುವವರಿಗೆ ಬಿಸಿಲಿನ ಸೀರಿಯಲ್ಲೇ ಸರಿ ಅಂತ ಹೇಳು."

"ಆ ಹಲ್ಲುಗಳನ್ನು ನೋಡಿದ್ರೆ ನಂಗೆ ಹೆದರಿಕೆ ಆಗ್ತದೆ ಅಂತ ಹೇಳು."

"ಹಲ್ಲು ತಿಕ್ಕುವುದು ತಪ್ಪಾ ಅಂತ ಕೇಳು!"

ಒಂದು ಉತ್ತರಕ್ಕೆ ಮಾವ ವಾರವಿಡೀ ತಯಾರಿ ನಡೆಸುತ್ತಿದ್ದರು. ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿಸುತ್ತ ನಿಂತವರು ಇದ್ದಕ್ಕಿದ್ದಂತೆ ಡೆಲಿವರಿ ನೋಟಿನ ಬೆನ್ನಿಗೆ ಏನೋ ಗೀಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗುರುವಾರ ರಾತ್ರಿ ನನ್ನನ್ನು ಕೂರಿಸಿ ಬಾಯಿಪಾಠ ಮಾಡಿಸುವುದು! ನಾನು ಒಂದು ಮಾತು ಮರೆತು ಬಂದರೆ ಬುದಯ್ಯದಲ್ಲಿ ಚಿಕ್ಕಮ್ಮನ ಮುಖ ಬಾಡುತ್ತಿತ್ತು. "ಇಷ್ಟೇ ಹೇಳಿದ್ದಾ? ಸರಿಯಾಗಿ ನೆನಪು ಮಾಡು" ಎಂದು ಮತ್ತೆ ಅನ್ನ ಬಡಿಸುತ್ತಿದ್ದಳು.

ಕೊನೆಗೊಂದು ದಿನ ಚಿಕ್ಕಮ್ಮ ಹೇಳಿಕಳಿಸಿದಳು: "ಅಮೆರಿಕದವರು ಯಾರಿಗೂ ಮದುವೆ ಮಾಡಿಸ್ಲಿಲ್ಲ. ಬ್ರಿಟಿಷರದ್ದರಲ್ಲೂ ಅವರು ಗಂಡ ಹೆಂಡತಿಯೇ."

ಇದನ್ನು ಕೇಳಿ ಮಾವ ತಟ್ಟೆ ಬಿಟ್ಟು ಎದ್ದರು. "ತೋರಿಸ್ಲಿ! ಒರಿಜಿನಲ್‌ನಲ್ಲಿ ಹಾಗೆ ಇದ್ರೆ ಅವಳ ಮನೆಗೇ ಬಂದು ಸೋತೆ ಅಂತ ಹೇಳ್ತೇನೆ. ಖಲಾಸ್!"

ಸಿಟ್ಟಿನ ಭರದಲ್ಲಿ ಫ್ರೆಂಡ್ ಎನ್ನುವುದನ್ನು ಮರೆತೇಬಿಟ್ಟಿದ್ದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ನನಗೆ ಆ ಕ್ಷಣದಿಂದ ಮಾವ ಹೇಗಾದರೂ ಸೋಲಲಿ ಎಂಬ ಒಂದೇ ಆಸೆ.

ಮೂರು ತಿಂಗಳಾದ ಮೇಲೆ ಚಿಕ್ಕಮ್ಮ ನನ್ನ ಕೈಗೆ ಒಂದು ವಿಡಿಯೋ ಕ್ಯಾಸೆಟ್ ಇಟ್ಟಳು. ಚಿಕ್ಕಪ್ಪನ ಆಫೀಸಿನ ಯಾರೋ ಇಂಗ್ಲೆಂಡಿಗೆ ರಜೆಯಲ್ಲಿ ಹೋದವರು ತಂದುಕೊಟ್ಟದ್ದು. ಸಂಜೆ ಮಾವನೆದುರು ಹಾಕಿದೆ. ಅದೇ ಮಳೆ, ಅದೇ ಅಂಗಡಿ, ಅದೇ ಮೂಗು. ಗಂಡಸು ಹಾಲಿನ ಜಗ್ಗು ಹಿಡಿದು ಆಕೆಯ ಹತ್ತಿರ ಹೋದ. ಮಾವ ಸೈಕಲ್ಲಿಗಾಗಿ ಕಾದರು. ಬರಲಿಲ್ಲ. ಜಗ್ಗು ಕೆಳಗಿಟ್ಟು, ಹೆಂಡತಿಯ ಕೆನ್ನೆ ಹಿಡಿದು, ಅವನು ಮುತ್ತು ಕೊಟ್ಟ. ಆಮೇಲೆ ಸೈಕಲ್ ಹತ್ತಿದ.

ಮಾವ ರಿವೈಂಡ್ ಮಾಡಿ ಮೂರು ಸಲ ನೋಡಿದರು.

"ಡೈರೆಕ್ಟರ್ ಆ ದಿನ ಕಲೆ ಮರೆತಿರ್ಬೇಕು" ಎಂದರು ಅತ್ತೆ. ಮಾವ ನಗಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದು ಎಂತ?" ಎಂದು ನನ್ನನ್ನು ಕೇಳಿದರು. ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡ ಹಾಗಿತ್ತು ಆ ಮುಖ. ಮಾವ ಸೋಲಲಿ ಎಂದು ಹರಕೆ ಹೊತ್ತಿದ್ದ ನಾನೇ ಎದ್ದು ಕ್ಯಾಸೆಟ್ ಹೊರತೆಗೆದು ಟಿವಿ ಆರಿಸಿದೆ.

ಮುಂದಿನ ಶುಕ್ರವಾರ ಇಬ್ಬರೂ ಬುದಯ್ಯಕ್ಕೆ ಹೊರಟೆವು. ಪ್ರತಿ ರೌಂಡಬೌಟಿನಲ್ಲೂ ಮಾವ ಕಾರನ್ನು ಪೂರ್ತಿ ಒಂದು ಸುತ್ತು ಸುತ್ತಿಸಿ, ಹಿಂದೆ ಹೋಗುವುದೋ ಮುಂದೆ ಹೋಗುವುದೋ ಎಂದು ನೋಡಿ, ಮತ್ತೆ ಮುಂದೆ ಹೊರಡುತ್ತಿದ್ದರು. "ಕ್ಯಾಸೆಟ್ ಕೊಡುವುದು, ಸೋತೆ ಅಂತ ಹೇಳುವುದು, ವಾಪಸ್ಸು. ಕೂರ್ಲಿಕ್ಕಿಲ್ಲ" ಎಂದು ನಾಲ್ಕು ಸಲ ಹೇಳಿದರು. ಖರ್ಜೂರದ ತೋಟಗಳನ್ನು ದಾಟಿ ಮನೆ ಮುಟ್ಟುವಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು.

ಮಾವ ಕ್ಯಾಸೆಟ್ ಚಾಚಿದರು. "ಸೋತೆ. ನಿಂಗೆ ಡಿಶ್‌ನಲ್ಲಿ ಅಮೆರಿಕದ್ದು ನೋಡಿ ಮೊದಲೇ ಗೊತ್ತಿತ್ತು. ಈಗ ಖುಷಿ ಆಯ್ತಲ್ಲ?"

"ನಮ್ಮಲ್ಲಿ ಡಿಶ್ ಎಲ್ಲುಂಟು ಅಣ್ಣ?"

ಇಬ್ಬರೂ ತಲೆಯೆತ್ತಿ ನೋಡಿದೆವು. ತಾರಸಿಯ ಮೇಲೆ ಹಳೇ ಆಂಟೆನಾ ಒಂದೇ ಇತ್ತು. ಮೂರು ವರ್ಷ ಶುಕ್ರವಾರ ಶುಕ್ರವಾರ ಬಂದು ಉಂಡುಹೋದ ನಾನು ಒಮ್ಮೆಯೂ ತಲೆಯೆತ್ತಿರಲಿಲ್ಲ!

"ಮತ್ತೆ ಅಮೆರಿಕದ್ದು ಚಂದ ಅಂದದ್ದು?"

"ಅದನ್ನು ನಾನು ನೋಡ್ಲೇ ಇಲ್ಲ. ನೀನು ಹೇಳಿದ್ದು ಹೌದು ಅಂದಿದ್ರೆ ಮಾತು ಅಲ್ಲಿಗೇ ಮುಗೀತಿತ್ತು. ಅಲ್ಲ ಅಂದ್ರೆ ಮುಂದಿನ ಶುಕ್ರವಾರ ನಿಂದೊಂದು ಮಾತು ಬರ್ತಿತ್ತು."

ಚಿಕ್ಕಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಮುಂದುವರಿಸಿದಳು.

"ಚಾದಂಗಡಿಯವರು ಗಂಡ ಹೆಂಡತಿ ಅಂತ ನಮ್ಮ ಮದುವೆಯಾದ ವಾರವೇ ಇವರು ಹೇಳಿದ್ರು. ನಂಗೆ ಗೊತ್ತಿತ್ತು ಅಣ್ಣ. ಆದ್ರೂ ಪ್ರತಿ ಮಂಗಳವಾರ ನಾನು ಅಣ್ಣ ತಂಗಿ ಅಂತಲೇ ನೋಡಿದೆ. ನೀನೂ ಅದೇ ಹೊತ್ತಿಗೆ ಕೂತು ಹಾಗೇ ನೋಡ್ತಿರ್ತಿ ಅಂತ."

ಏಳು ವರ್ಷ ಬಿಗಿದು ನಿಂತಿದ್ದ ನಮ್ಮ ಮಾವ, ಅಮೆರಿಕಕ್ಕೇ ಬಗ್ಗದ ಮನುಷ್ಯ, ತಂಗಿಯ ತಲೆಯ ಮೇಲೆ ಕೈಯಿಟ್ಟು ಹೋ ಎಂದು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ನಾಚಿಕೆಯಾಗಿ ಕಾರಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತೆ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಒಳಗೆ ಹೋದ ಅಣ್ಣ ತಂಗಿ ಮಧ್ಯಾಹ್ನವಿಡೀ ಮಾತಾಡಿದರು; ಹೊರಗೆ ಒಬ್ಬ ಹಸಿದು ನಿಂತಿದ್ದಾನೆ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ನಾನೂ ಬಾಗಿಲು ತಟ್ಟಲಿಲ್ಲ.