ಪ್ಯಾಂಟು ಹೊಲಿಯಲು ಹೋದವನ ದಂಗೆ

ಸಿನಿಮಾ ಶೂಟಿಂಗಿನಲ್ಲಿ ಜೈಲರ್ ಪಾತ್ರಧಾರಿ ಕುರ್ಚಿಯಿಂದ ಏಳುವಾಗ ಅವನ ಪ್ಯಾಂಟು ಪರ್ರೆಂದು ಹರಿದದ್ದೇ ಎಲ್ಲಕ್ಕೂ ಮೂಲ. ಆ ಚಿತ್ರದ ಮ್ಯಾನೇಜರು ದರ್ಜಿಯ ಹೆಂಡತಿಯ ತಮ್ಮ. ಬೆಳ್ಳಂಬೆಳಗ್ಗೆ ಫೋನು ಮಾಡಿದ: "ಭಾವ, ಸೂಜಿ ದಾರ ಹಿಡ್ಕೊಂಡು ಓಡಿ ಬನ್ನಿ. ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ."

ದರ್ಜಿ ಖಾಲಿ ಹೊಟ್ಟೆಯಲ್ಲೇ ಓಡಿದ. ಮುಚ್ಚಿದ ಕಾರ್ಖಾನೆಯೊಂದರಲ್ಲಿ ಜೈಲಿನ ಸೆಟ್ಟು ಹಾಕಿದ್ದರು. ಹೊಲಿದು ಹಲ್ಲಿನಿಂದ ದಾರ ಕಡಿಯುವಷ್ಟರಲ್ಲಿ ನಿರ್ದೇಶಕರ ಕಣ್ಣು ಅವನ ಮೇಲೆ ಬಿತ್ತು.

"ಆಹಾ, ಎಂಥಾ ಸೊರಗಿದ ಮುಖ! ಇವರಿಗೂ ಕೈದಿ ಬಟ್ಟೆ ಹಾಕಿ."

"ಸಾರ್, ನಾನು ಟೈಲರ್ರು..."

"ಸುಮ್ನಿರಿ ಭಾವ, ತೆರೆ ಮೇಲೆ ನೋಡಿ ಅಕ್ಕ ಹಿಗ್ಗಿ ಹೋಗ್ತಾಳೆ," ಎನ್ನುತ್ತ ಭಾವಮೈದ ಅವನ ಅಂಗಿ ಕಳಚಿಯೇಬಿಟ್ಟ. ಪಟ್ಟೆ ಅಂಗಿ ತೊಟ್ಟ ದರ್ಜಿ ದಿಂಬಿನ ಚೀಲಕ್ಕೆ ತುರುಕಿದ ಪೊರಕೆಕಡ್ಡಿಯಂತೆ ಕಂಡ.

ದಂಗೆಯ ದೃಶ್ಯ. ಕೈದಿಗಳೆಲ್ಲ ತಟ್ಟೆ ಬಡಿದು ಅಬ್ಬರಿಸಬೇಕು. "ಕೋಪ ಸಾಲದು! ಇನ್ನೊಮ್ಮೆ!" ಎಂದು ನಿರ್ದೇಶಕರು ಮಾಡಿಸಿದ್ದನ್ನೇ ಮಾಡಿಸಿದರು. ಮಧ್ಯಾಹ್ನ ಜಾರಿತು. ತಟ್ಟೆಗಳು ಸೊಟ್ಟಗಾದವೇ ಹೊರತು ಒಂದರಲ್ಲೂ ಒಂದು ಅಗುಳು ಬೀಳಲಿಲ್ಲ.

"ಊಟ ಯಾವಾಗ್ಲೋ?" ಎಂದು ದರ್ಜಿ ಪಕ್ಕದ ಕೈದಿಯನ್ನು ಮೆಲ್ಲಗೆ ಕೇಳಿದ. ಆತ ಬೀದಿ ಬೀದಿ ತಿರುಗಿ ತರಕಾರಿ ಮಾರುವವ. ಅವನ ಕೂಗಿನ ಜೋರಿಗೆ ಎಲ್ಲರ ಬಾಯಲ್ಲಿ ಅವನ ಹೆಸರು ಗಂಟಲಪ್ಪ.

"ಕೇಳಿದ್ರೇನ್ರೋ? ಊಟ ಕೊಡದಿದ್ರೆ ಟೈಲರಣ್ಣ ಸುಮ್ನೆ ಬಿಡಲ್ವಂತೆ!" ಎಂದು ಗಂಟಲಪ್ಪ ಕೂಗಿದ.

"ಅಯ್ಯೋ, ನಾನೆಲ್ಲಿ ಹಾಗಂದೆ?"

ಕೇಳುವವರಾರು? ಕೈದಿಗಳು ಅವನನ್ನು ಹೆಗಲಿಗೇರಿಸಿ ನುಗ್ಗಿದರು. ರಟ್ಟಿನ ಗೋಡೆ ಧೊಪ್ಪನೆ ಮಗುಚಿತು. ಜೈಲರ್ ಸಾಹೇಬರು ಮೇಜಿನಡಿ ನುಸುಳಿದರು.

"ಇಳೀರಿ ಭಾವ, ನನ್ನ ಕೆಲಸ ಹೋಗುತ್ತೆ!" ಭಾವಮೈದ ಕೈಮುಗಿದ.

"ಇಳಿಸಿದ್ರೆ ತಾನೇ ಇಳಿಯೋದು!"

ಅಷ್ಟರಲ್ಲಿ ನಿರ್ದೇಶಕರೇ ಧಾವಿಸಿ ಬಂದರು. ದರ್ಜಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಕೆನ್ನೆಗೆ ಬಿದ್ದದ್ದು ಏಟಲ್ಲ, ಮುತ್ತು!

"ದಂಗೆ ಅಂದ್ರೆ ಇದು! ಕ್ಯಾಮೆರಾ ನಿಲ್ಲಿಸೇ ಇಲ್ಲ, ಎಲ್ಲಾ ಸಿಕ್ತು! ಹಾಕ್ರಪ್ಪಾ ಊಟ!"

ದರ್ಜಿ ಹೆಗಲಿನಿಂದ ಜಾರಿ, ಎಲ್ಲರಿಗಿಂತ ಮುಂದೆ ನಿಂತು ತಟ್ಟೆ ಚಾಚಿದ. ಬಿಸಿ ಹಬೆ ಮೂಗಿಗೆ ಬಡಿಯಿತು. ಭಾವಮೈದ ಆ ತಟ್ಟೆಯನ್ನು ಮೆಲ್ಲಗೆ ಕಿತ್ತುಕೊಂಡ.

"ನಿಮಗಿಲ್ಲ ಭಾವ. ಡೈರೆಕ್ಟರು ಕಥೆ ಬದಲಾಯಿಸಿದ್ರು. ಈಗ ನೀವೇ ದಂಗೆಯ ನಾಯಕ. ಅನ್ನ ನೀರು ಬಿಟ್ಟು ಉಪವಾಸ ಕೂರ್ತೀರಿ. ಮುಖ ಹೀಗೇ ಇರ್ಬೇಕಂತೆ."

"ಎಲ್ಲೀವರೆಗೆ ಮಾರಾಯ?" ದರ್ಜಿಯ ದನಿ ಕೀರಲಾಯಿತು.

"ನಾಯಕ ಸಾಯೋವರೆಗೆ," ಎಂದ ಭಾವಮೈದ, ಅದೇ ತಟ್ಟೆಗೆ ಬಡಿಸಿಕೊಳ್ಳುತ್ತ. "ಆದ್ರೆ ಆ ಸೀನು ತೆಗೆಯೋದು ನಾಳೆ."