ಹನ್ನೆರಡು ಕೂರಿಗೆಗೆ ಟ್ರಾಕ್ಟರ್ ಹುಡುಕಿದ್ದು

ಟ್ರಾಕ್ಟರಿಗೆ ಕೂರಿಗೆ ಜೋಡಿಸುವುದು ನಗುವಂಥ ಕೆಲಸವೇನಲ್ಲ. ಆದರೂ ಕುವೈತಿನಲ್ಲಿ ನಾನು ಅದಕ್ಕೆ ಕೈ ಹಾಕಿದಾಗಲೆಲ್ಲ ಯಾರಾದರೊಬ್ಬರು ನಕ್ಕೇ ಮನೆಗೆ ಹೋಗುತ್ತಿದ್ದರು. ನಗದೆ ಉಳಿಯುತ್ತಿದ್ದವನು ನಾನೊಬ್ಬನೇ. ಈಗ ರಾಣೆಬೆನ್ನೂರಿನಲ್ಲಿ ಕೂತು ನೆನೆಸಿಕೊಂಡರೆ ನನಗೂ ನಗು ಬರುತ್ತದೆ. ಜೊತೆಗೆ ಆ ಮರಳು, ಆ ಧೂಳು, ಆ ಜನ ಎಲ್ಲ ಇನ್ನೊಮ್ಮೆ ಸಿಗಬಾರದೇ ಅನ್ನಿಸುತ್ತದೆ.

೧. ಅರ್ಜಿಯಲ್ಲಿ ಬರೆದ ಅನುಭವ

ತೊಂಬತ್ತರ ದಶಕದ ಕೊನೆ. ಸುಲೈಬಿಯಾದಲ್ಲಿ ಕೃಷಿ ಯಂತ್ರ ಮಾರುವ ಒಂದು ಕಂಪನಿಯಲ್ಲಿ ನಾನು ಸೇಲ್ಸು, ಸರ್ವಿಸು ಎರಡನ್ನೂ ನೋಡಿಕೊಳ್ಳುತ್ತಿದ್ದೆ. ಕೆಲಸದ ಅರ್ಜಿಯಲ್ಲಿ ‘ಮೆಕ್ಕೆಜೋಳದ ಬಿತ್ತನೆಯಲ್ಲಿ ಹದಿನೈದು ವರ್ಷದ ಅನುಭವ’ ಎಂದು ಬರೆದಿದ್ದೆ. ಪೂರ್ತಿ ಸುಳ್ಳಲ್ಲ. ನಮ್ಮ ಮನೆ ಎದುರಿನ ಹೊಲದಲ್ಲಿ ಬೇರೆಯವರು ಬಿತ್ತುವುದನ್ನು ಹದಿನೈದು ವರ್ಷ ಕಟ್ಟೆಯ ಮೇಲೆ ಕೂತು ನೋಡಿದ್ದೆ.

ಈ ಅನುಭವವನ್ನು ನಂಬಿ ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಥಾಯ್ಲೆಂಡಿನಿಂದ ಹನ್ನೆರಡು ಮೆಕ್ಕೆಜೋಳದ ಕೂರಿಗೆ ತರಿಸಿಬಿಟ್ಟರು. ಅವರು ಈಜಿಪ್ಟಿನವರು, ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಚೆಕ್‌ಲಿಸ್ಟು. ಕೂರಿಗೆಗಳು ಥಾಯ್ ರೈತರು ಸಣ್ಣ ಟ್ರಾಕ್ಟರಿನ ಹಿಂದೆ ಕಟ್ಟಿ ಎರಡೆರಡು ಸಾಲು ಬಿತ್ತುವಂಥವು. ಕುವೈತಿನ ಡೇರಿಗಳಿಗೆ ಹಸಿ ಮೇವು ಬೇಕು, ಮೇವಿಗೆ ಜೋಳ ಬೇಕು, ಜೋಳಕ್ಕೆ ಕೂರಿಗೆ ಬೇಕು ಎಂಬುದು ಅವರ ಲೆಕ್ಕ. ಆ ಕೂರಿಗೆಗೆ ಎಂಥ ಟ್ರಾಕ್ಟರು ಬೇಕು ಎನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಮುದೀರ್ ನನ್ನನ್ನು ಕರೆದರು. “ನಿನ್ನ ಇಕಾಮಾ ಮುಗಿಯೋದು ಯಾವಾಗ?”

ಇಕಾಮಾ ಎಂದರೆ ಅಲ್ಲಿ ವಾಸಕ್ಕಿರುವ ಪರವಾನಗಿ. ಅದಿಲ್ಲದಿದ್ದರೆ ವಿಮಾನವೇ ಗತಿ. “ನಾಲ್ಕು ತಿಂಗಳಿದೆ, ಮುದೀರ್” ಎಂದೆ.

“ಒಳ್ಳೇದು. ಅಷ್ಟರೊಳಗೆ ಹನ್ನೆರಡೂ ತೋಟ ಸೇರಬೇಕು. ಒಂದು ಉಳಿದರೂ ನೀನು ಊರು ಸೇರ್ತೀಯ.”

ಮಗಳು ಆಗಷ್ಟೇ ಅಲ್ಲಿನ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದಳು. ಹೊರಗೆ ಬಂದು ಕೂರಿಗೆಯ ಕೈಪಿಡಿ ಬಿಡಿಸಿದೆ. ಪೂರ್ತಿ ಥಾಯ್ ಭಾಷೆಯಲ್ಲಿತ್ತು. ಅರ್ಥವಾದದ್ದು ಒಂದೇ ಒಂದು ಚಿತ್ರ: ಯಂತ್ರದ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿರುವ ಮನುಷ್ಯ. ಅಷ್ಟು ದೂರದಲ್ಲಿ ಕೂತು ನನ್ನನ್ನು ಹೇಗೆ ಬರೆದರೋ ಕಾಣೆ.

೨. ವಿಲ್ಲಾ ಮತ್ತು ಫ್ಲಾಟು

ಮೊದಲ ಕೂರಿಗೆ ವಫ್ರಾದ ಒಂದು ತೋಟಕ್ಕೆ ಹೋಯಿತು. ಯಜಮಾನರ ಬಳಿ ಇದ್ದದ್ದು ಎ.ಸಿ. ಕ್ಯಾಬಿನ್ನಿನ ಭಾರಿ ಟ್ರಾಕ್ಟರು, ಹತ್ತಲು ಏಣಿ ಬೇಕು. ನಮ್ಮ ಕೂರಿಗೆ ಅದರ ಹಿಂದೆ ಹೋರಿಯ ಬಾಲಕ್ಕೆ ಗೆಜ್ಜೆ ಕಟ್ಟಿದ ಹಾಗೆ ಕಾಣುತ್ತಿತ್ತು.

“ಇದಕ್ಕೆ ಸಣ್ಣ ಟ್ರಾಕ್ಟರ್ ಬೇಕು” ಎಂದೆ.

ಯಜಮಾನರ ಮುಖ ಸಣ್ಣದಾಯಿತು. “ನನ್ನ ಟ್ರಾಕ್ಟರಿಗೆ ಏನು ಕಡಿಮೆ ಆಗಿದೆ?”

ಕಡಿಮೆ ಏನಿಲ್ಲ, ಹೆಚ್ಚಾಗಿರುವುದೇ ತೊಂದರೆ ಎಂದು ನಯವಾಗಿ ಹೇಳುವಷ್ಟು ಅರಬ್ಬಿ ನನಗೆ ಬರುತ್ತಿರಲಿಲ್ಲ. ಸುಮ್ಮನೆ ಕಟ್ಟಿಕೊಟ್ಟೆ. ಡ್ರೈವರಿಗೆ “ಮೆಲ್ಲಗೆ, ನಡಿಗೆಯಷ್ಟೇ ವೇಗ” ಎಂದು ಹತ್ತು ಸಲ ಹೇಳಿದೆ. ಅಂಥ ಗಾಡಿಯಲ್ಲಿ ನಡಿಗೆಯ ವೇಗದಲ್ಲಿ ಹೋಗುವುದು ಅವನಿಗೆ ಅವಮಾನ ಅನ್ನಿಸಿರಬೇಕು. ಸ್ಪೀಡಾಗಿ ಹೊಡೆದ. ಕೂರಿಗೆ ಕುಣಿಯುತ್ತಾ ಹೋಯಿತು, ಬೀಜ ಮನಸ್ಸು ಬಂದಲ್ಲಿ ಬಿತ್ತು.

ಎರಡು ವಾರದ ಮೇಲೆ ಯಜಮಾನರು ಕರೆಸಿಕೊಂಡರು. ಗಿಡದಿಂದ ಗಿಡಕ್ಕೆ ಆರಾರು ಹೆಜ್ಜೆ ಅಂತರ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಹೆಗಲ ಮೇಲೆ ಕೈ ಹಾಕಿ, “ಹಬೀಬಿ, ನೀನು ಒಂದೊಂದು ಗಿಡಕ್ಕೂ ಒಂದೊಂದು ವಿಲ್ಲಾ ಕೊಟ್ಟಿದ್ದೀಯ. ನನಗೆ ಫ್ಲಾಟು ಸಾಕಿತ್ತು” ಎಂದರು. ಕೂರಿಗೆ ವಾಪಸು ಬಂತು.

೩. ಬರಕತ್ತಿನ ಯಂತ್ರ

ಎರಡನೆಯ ಸಲ ಅಬ್ದಲಿಯಲ್ಲಿ ಬೇಕೆಂದೇ ಸಣ್ಣ ಟ್ರಾಕ್ಟರಿರುವ ತೋಟ ಹುಡುಕಿದೆ. ಅಲ್ಲಿನ ಮೇಲ್ವಿಚಾರಕ ಪಾಕಿಸ್ತಾನದ ಪಂಜಾಬಿನವನು, ಎಲ್ಲರಿಗೂ ಭಾಯಿ. ಬೀಜದ ಡಬ್ಬಿ ತುಂಬಿಸಿದ, ಎರಡು ತಾಸು ತಾನೇ ಟ್ರಾಕ್ಟರು ಹೊಡೆದ. ಸಾಲುಗಳು ಗೆರೆ ಹೊಡೆದ ಹಾಗೆ ನೆಟ್ಟಗೆ. ನನಗೆ ಆನಂದಬಾಷ್ಪವೊಂದು ಬಾಕಿ.

ಈ ಕೂರಿಗೆಯಲ್ಲಿ ಬೀಜ ಉದುರಬೇಕಾದರೆ ಅದರ ಗಾಲಿ ನೆಲ ಹಿಡಿದು ತಿರುಗಬೇಕು. ಥಾಯ್ ಮಣ್ಣಿನಲ್ಲಿ ಹಿಡಿಯುತ್ತಿದ್ದ ಗಾಲಿ ಕುವೈತಿನ ಮರಳಿನಲ್ಲಿ ತಿರುಗದೆ ಜಾರಿಕೊಂಡು ಹೋಗಿತ್ತು. ಇದು ನನಗೆ ಗೊತ್ತಾಗುವಷ್ಟರಲ್ಲಿ ಭಾಯಿ ಡಬ್ಬಿಯ ಮುಚ್ಚಳ ತೆಗೆದು, ಎರಡೂ ಕೈ ಮೇಲಕ್ಕೆತ್ತಿ ನಿಂತಿದ್ದ.

“ಕ್ಯಾ ಬರಕತ್ ಹೈ ಭಾಯಿ. ಪೂರಾ ಖೇತ್ ಬೋ ದಿಯಾ, ಬೀಜ್ ಉತ್ನಾ ಹೀ ಹೈ.”

ಹೊಲ ಪೂರ್ತಿ ಬಿತ್ತಿದರೂ ಬೀಜ ಒಂದಿಷ್ಟೂ ಖರ್ಚಾಗದ ಯಂತ್ರ ಅವನು ಜನ್ಮದಲ್ಲಿ ಕಂಡಿರಲಿಲ್ಲವಂತೆ. ನಾನೂ ಕಂಡಿರಲಿಲ್ಲ.

೪. ಹವಲ್ಲಿಯ ಬೆಳೆ

ಎರಡು ತಿಂಗಳು ಕಳೆದವು. ಅಬ್ದಲಿಯದೂ ವಾಪಸು ಬಂದು ಹನ್ನೆರಡೂ ಗೋದಾಮಿನಲ್ಲೇ. ತಲೆಬಿಸಿಯಾಗಿ ಒಂದು ಶುಕ್ರವಾರ ಕೂರಿಗೆಯ ಬೀಜದ ಡಬ್ಬಿಯನ್ನು ಬಿಚ್ಚಿ ಹವಲ್ಲಿಯ ನಮ್ಮ ಫ್ಲಾಟಿಗೆ ಹೊತ್ತು ತಂದೆ. ಊಟದ ಮೇಜಿನ ಮೇಲಿಟ್ಟು ಹಿಡಿಕೆಯನ್ನು ಕೈಯಲ್ಲೇ ತಿರುಗಿಸಿದೆ. ಜೋಳದ ಕಾಳು ಟಪಟಪನೆ ಉದುರಿ ಮನೆಯೆಲ್ಲ ಹರಡಿದವು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. “ಹೊರಗ ಬಿತ್ತೋದು ಬಿಟ್ಟು ಮನ್ಯಾಗ ಬಿತ್ತಾಕ ಹತ್ತೀರೇನ್ರಿ?”

“ಚೆಕ್ ಮಾಡಾಕತ್ತೇನಿ. ಸುಮ್ನಿರು.”

ಮಗಳು ಮಾತ್ರ ನೆಲದ ಮೇಲೆ ಕೂತು, “ಪಪ್ಪಾ, ಒನ್ ಮೋರ್ ಟೈಮ್” ಎನ್ನುತ್ತಾ ಕಾಳು ಆರಿಸಿಕೊಟ್ಟಳು. ಊರಿಗೆ ಹೋದರೆ ಇವಳ ಶಾಲೆ ಏನಾಗುತ್ತದೋ ಎಂದುಕೊಳ್ಳುತ್ತಲೇ ಹಿಡಿಕೆ ತಿರುಗಿಸಿದೆ. ಆ ಮಧ್ಯಾಹ್ನ ಈಗಲೂ ಕಣ್ಣ ಮುಂದಿದೆ.

ವಾರದ ಮೇಲೆ ಬಾಲ್ಕನಿಯಲ್ಲಿ ಎ.ಸಿ.ಯ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಎರಡು ಹಸಿರು ಎಲೆ ಕಂಡವು. ನಮ್ಮ ಕೂರಿಗೆ ಕುವೈತಿನಲ್ಲಿ ಬಿತ್ತಿ ಬೆಳೆದ ಮೊದಲ ಪೈರು ಮೂರನೇ ಮಹಡಿಯಲ್ಲಿ ಬಂದಿತ್ತು. ಹೆಂಡತಿ ದಿನಾ ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮನಿಯವ್ರ ಹೊಲ” ಎನ್ನುತ್ತಿದ್ದಳು.

೫. ಮೂರು ಟೆಸ್ಟು

ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ ಥಾಯ್ ಕಂಪನಿಯವರು ಒಬ್ಬ ಮೆಕ್ಯಾನಿಕ್ಕನನ್ನು ಕಳಿಸಿದರು. ಸಣ್ಣ ಆಳು, ನಗುಮುಖ, ಹತ್ತಿಪ್ಪತ್ತು ಇಂಗ್ಲಿಷ್ ಪದ. ಬಂದವನೇ ಜಾರುವ ಗಾಲಿಗೆ ಕಬ್ಬಿಣದ ಹಲ್ಲು ವೆಲ್ಡ್ ಮಾಡಿಸಿದ. ಸುಲೈಬಿಯಾದ ಒಂದು ಡೇರಿಯವರು ತಮ್ಮ ಸಣ್ಣ ಟ್ರಾಕ್ಟರು ಕೊಟ್ಟರು. ಮುದೀರ್ ಚೆಕ್‌ಲಿಸ್ಟು ಹಿಡಿದು ಬಂದರು.

ನನ್ನ ಅನ್ನ ಆ ಟ್ರಾಕ್ಟರಿನ ಮೇಲಿತ್ತು. ಊರಲ್ಲಿ ಹೊಸ ಗಾಡಿ ಹೊರಡುವಾಗ ಮಾಡುವ ಹಾಗೆ, ಯಾರೂ ನೋಡದಾಗ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ಮುದೀರ್ ನೋಡಿಯೇ ಬಿಟ್ಟರು.

“ಇದೇನು?”

ಬೇರೆಯವರ ತೋಟ, ಬೇರೆ ದೇಶ. ಬಾಯಿಗೆ ಬಂದದ್ದು ಹೇಳಿದೆ. “ತೂಕದ ಟೆಸ್ಟು, ಮುದೀರ್. ನಾಲ್ಕೂ ಚಕ್ರದ ಮೇಲೆ ಭಾರ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತೆ.”

ಮುದೀರ್ ಬರೆದುಕೊಂಡರು. ಕೂರಿಗೆಯನ್ನು ಮೇಲೆತ್ತಿಕೊಂಡು ಟ್ರಾಕ್ಟರು ಹೊರಟಿತು. ಹಿಂದಿನ ಎರಡು ನಿಂಬೆ ಚಪ್ಪಟೆ. ಮುಂದಿನ ಎರಡು ಏನೂ ಆಗದೆ ಪಕ್ಕಕ್ಕೆ ಉರುಳಿದ್ದವು. ಹಿಂದಿನ ಭಾರಕ್ಕೆ ಮುಂದಿನ ಚಕ್ರ ನೆಲ ಬಿಟ್ಟು ತೇಲುತ್ತಿತ್ತು. ನನ್ನ ಸುಳ್ಳು ನಿಜವಾದದ್ದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಬೆರಗಾದವನು ನಾನು.

ಥಾಯ್ ಮೆಕ್ಯಾನಿಕ್ ಮುಂಭಾಗಕ್ಕೆ ಕಬ್ಬಿಣದ ತೂಕ ನೇತುಹಾಕಿದ. ಹೊಸ ನಿಂಬೆ ಇಟ್ಟೆವು. ಈ ಸಲ ನಾಲ್ಕೂ ಪಚಕ್. ಅವನು ನನ್ನ ಮುಖ ನೋಡಿದ, ನಿಂಬೆ ನೋಡಿದ, ಅವನಿಗೆಲ್ಲ ಅರ್ಥವಾಯಿತು. ತನ್ನ ಚೀಲದಿಂದ ಮೂರು ಬಣ್ಣದ ರಿಬ್ಬನ್ ತೆಗೆದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಟ್ರಾಕ್ಟರಿನ ಮೂತಿಗೆ ಕಟ್ಟಿದ.

“ಇದು?” ಎಂದರು ಮುದೀರ್.

“ವಿಂಡ್ ಟೆಸ್ಟ್” ಎಂದ ಅವನು, ಮುಖದಲ್ಲಿ ಒಂದು ಗೆರೆ ಅಲುಗಿಸದೆ. ಮುದೀರ್ ಅದನ್ನೂ ಬರೆದುಕೊಂಡರು.

ಹತ್ತೇ ದಿನಕ್ಕೆ ಸಾಲು ಸಾಲಾಗಿ ಜೋಳ ಎದ್ದಿತು. ಸುದ್ದಿ ಹಬ್ಬಿ ಒಂದೊಂದೇ ಕೂರಿಗೆ ಹೋದವು. ಆ ಚೆಕ್‌ಲಿಸ್ಟಿನ ಪ್ರಕಾರ ಪ್ರತಿ ಕೂರಿಗೆಗೂ ಲೆಕ್ಕ ಹಾಕಿ ನಿಂಬೆ ಮತ್ತು ರಿಬ್ಬನ್ ಕಳಿಸುತ್ತಿದ್ದೆವು. ಹನ್ನೆರಡನೆಯದು ಮಾತ್ರ ಕಾಡಿಸಿತು. ಅದು ಒಬ್ಬ ಗಿರಾಕಿಗೆ ಒಪ್ಪಿಗೆಯಾಗುವ ಹೊತ್ತಿಗೆ ನನ್ನ ಇಕಾಮಾ ಮುಗಿಯಲು ಮೂರು ದಿನ ಉಳಿದಿತ್ತು. ಅದು ಕೆಟ್ಟರೆ ನನ್ನ ಕಥೆ ಖಲಾಸ್.

ಅವತ್ತು ಮುದೀರ್ ತಾವೇ ಬಂದರು. ನಾನು ನಿಂಬೆ ಇಟ್ಟೆ, ಮೆಕ್ಯಾನಿಕ್ ರಿಬ್ಬನ್ ಕಟ್ಟಿದ. ಮುದೀರ್ ಚೆಕ್‌ಲಿಸ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಬಂದರು, ಬಾನೆಟ್ಟಿನ ಮೇಲೆ ಬಲಗೈ ಇಟ್ಟರು, ತುಟಿ ಅಲುಗಿಸಿ ಮೆಲ್ಲಗೆ “ಬಿಸ್ಮಿಲ್ಲಾ” ಎಂದರು.

ತಿರುಗಿದರೆ ನಾವಿಬ್ಬರೂ ನೋಡುತ್ತಾ ನಿಂತಿದ್ದೆವು. ಮುದೀರ್ ಗಂಟಲು ಸರಿಮಾಡಿಕೊಂಡರು.

“ಇದು ಎಂಜಿನ್ ಟೆಸ್ಟು” ಎಂದರು. “ಯಲ್ಲಾ, ಸ್ಟಾರ್ಟ್ ಮಾಡು. ಆಮೇಲೆ ನಿನ್ನ ಪಾಸ್‌ಪೋರ್ಟ್ ಕೊಡು, ಇಕಾಮಾಕ್ಕೆ ಕಳಿಸಬೇಕು.”